ಸುತ್ತಕ್ಕನ ಎದುರು ಅಂಕಿ ಆಡುವಂತಿಲ್ಲ

ಬೆಳಕು ಇನ್ನೂ ಕಿಟಕಿಯ ಗಾಜಿಗೆ ಮಾತ್ರ ತಾಗಿದೆ, ಕೋಣೆಯೊಳಗೆ ಕಾಲಿಟ್ಟಿಲ್ಲ. ಮುಚ್ಚಿಹೋದ ಮುದ್ರಣಾಲಯವೊಂದರ ಮಹಡಿ ಇದು. ಸೊಂಟದೆತ್ತರದ ಮೇಜು ಗೋಡೆಯಿಂದ ಗೋಡೆಗೆ ಹರಡಿಕೊಂಡಿದೆ. ಅದರ ಮೇಲೆ ಬೆಂಡಿನ ಗುಡ್ಡ, ಹಸಿರು ಬಣ್ಣ ಹಚ್ಚಿದ ಮರದ ಪುಡಿಯ ಹುಲ್ಲು, ಸೋಪಿನ ಡಬ್ಬಿಯಷ್ಟಿರುವ ಸ್ಟೇಷನ್ನು, ಇವನ್ನೆಲ್ಲ ಸುತ್ತಿ ಬರುವ ಹೆಬ್ಬೆರಳಗಲದ ಹಳಿ. ಮೂಲೆಯ ಸ್ಟೂಲಿನಲ್ಲಿ ಕೂತ ನಲವತ್ತೇಳರ ಹೆಂಗಸು ಅಂಗೈಯಗಲದ ನೀಲಿ ರೈಲು ಎಂಜಿನ್ನನ್ನು ಮೂಗಿನ ಹತ್ತಿರ ಹಿಡಿದಿದ್ದಾರೆ.

“ಉಳಿದ ದಿನ ಕಿವಿಗೆ ಹಿಡೀತೀನಿ. ಇವತ್ತು ಇದಕ್ಕೆ ಮೂಗೇ ಸಾಕು,” ಅನ್ನುತ್ತಾರೆ. “ಸುಟ್ಟ ವಾಸನೆ ಸುಳ್ಳು ಹೇಳಲ್ಲ.”

ಭಾನುವಾರ ಬೆಳಗಿನ ಐದೂವರೆ. ಕೆಳಗೆ ಬೀದಿ ಮಲಗಿದೆ. ಅವರು ಇಷ್ಟು ಬೇಗ ಬರುವುದಕ್ಕೆ ಕಾರಣವೂ ಆ ನಿದ್ದೆಯೇ. “ಬೀದಿ ಎದ್ದರೆ ಈ ಮೋಟಾರುಗಳ ಮಾತು ಕೇಳಿಸಲ್ಲ. ಇವು ಪಿಸುಮಾತಿನವು.”

ಪುಟ್ಟ ರೈಲುಗಳ ಹುಚ್ಚು ಹತ್ತಿಸಿಕೊಂಡ ಹದಿನಾರು ಮಂದಿಯ ಸಂಘದ ಕೋಣೆಯಿದು. ಎಂಜಿನ್ನುಗಳ ಚಂದ ನೋಡಲು ಬರುವವರಿದ್ದಾರೆ, ಗುಡ್ಡಕ್ಕೆ ಬಣ್ಣ ಬಳಿದವರ ಹೆಸರು ಬಾಗಿಲಲ್ಲೇ ಇದೆ. ಎಂಜಿನ್ನಿನ ಹೊಟ್ಟೆಯೊಳಗೆ ಸುಟ್ಟುಹೋದ ಮೋಟಾರಿಗೆ ಹೊಸ ತಂತಿ ಸುತ್ತಿ ಅದನ್ನು ಮತ್ತೆ ಎಬ್ಬಿಸುವವರ ಹೆಸರು ಎಲ್ಲಿಯೂ ಇಲ್ಲ. ಎಲ್ಲರೂ ಸುತ್ತಕ್ಕ ಅನ್ನುತ್ತಾರೆ. ಅವರೂ ಓಗೊಡುತ್ತಾರೆ.

ಮೋಟಾರಿನ ನಡುವಿನ ತುಂಡಿಗೆ ಮೂರು ತೋಳು. ತೋಳಿಗೆ ನೂರಿಪ್ಪತ್ತು ಸುತ್ತು. ತಂತಿ ತಲೆಗೂದಲಿಗಿಂತ ತೆಳ್ಳಗೆ, ಸ್ವಲ್ಪ ಎಳೆದರೆ ಕಿತ್ತುಹೋಗುತ್ತದೆ, ಸಡಿಲ ಬಿಟ್ಟರೆ ಉಬ್ಬುತ್ತದೆ. ಒಂದು ಎಂಜಿನ್ನಿಗೆ ಮುನ್ನೂರ ಅರವತ್ತು ಸುತ್ತು, ಸುಮಾರು ಒಂದು ಗಂಟೆ. ಎಣಿಸುವುದಕ್ಕೆ ಯಂತ್ರವಿಲ್ಲ, ಮಗ್ಗಿಯಿದೆ. ತುಟಿಯೊಳಗೇ “ಹನ್ನೆರಡೊಂದ್ಲ ಹನ್ನೆರಡು” ಅನ್ನುವಷ್ಟರಲ್ಲಿ ಹನ್ನೆರಡು ಸುತ್ತು. “ಹನ್ನೆರಡೆರಡ್ಲ ಇಪ್ಪತ್ನಾಲ್ಕು” ಅನ್ನುವಾಗ ಇನ್ನೂ ಹನ್ನೆರಡು. ಹನ್ನೆರಡರ ಮಗ್ಗಿ ಹತ್ತಕ್ಕೆ ಮುಗಿದರೆ ಒಂದು ತೋಳು ಮುಗಿಯಿತು. ಕೇಳುತ್ತ ಕೂತರೆ ಬೆಳಗಿನ ಪಾರಾಯಣದ ಹಾಗಿರುತ್ತದೆ. ಪದ ಮುಂದೆ ಹೋಗುವುದಿಲ್ಲ, ಕೈ ಹಿಂದೆ ಬೀಳುವುದಿಲ್ಲ.

ನೀಲಿ ಎಂಜಿನ್ನನ್ನು ಬದಿಗಿಟ್ಟು ಬೇರೊಂದರ ಸುತ್ತು ನಡೆದಿರುವಾಗ, ಏಳಕ್ಕೆ ಒಬ್ಬೊಬ್ಬರೇ ಮೆಟ್ಟಿಲು ಹತ್ತುತ್ತಾರೆ. ಹಲ್ಲಿನ ಡಾಕ್ಟರು ಬರುತ್ತಾರೆ, ಫ್ಲಾಸ್ಕಿನಲ್ಲಿ ಚಹಾ ಹಿಡಿದ ಟೈಲರ್ ಬರುತ್ತಾರೆ. ಗೋಡೆಯ ಮೇಲೆ ಟೈಲರ್ ಕೈಬರಹದ ರಟ್ಟು: “ಸುತ್ತು ನಡೆಯುವಾಗ ಅಂಕಿ ಆಡಬಾರದು.” ಪಕ್ಕದಲ್ಲಿ ಯಾರೋ ಸಣ್ಣಗೆ ಸೇರಿಸಿದ್ದಾರೆ: “ಒಂದಕ್ಕೆ ಮಾಫಿ.”

ರೈಲು, ಕಾರು, ಸಂಸಾರ, ಎಲ್ಲದರ ಮಾತೂ ಇಲ್ಲಿ ಅಂಕಿಯಿಲ್ಲದೆ ಸಾಗಬೇಕು.

“ಹೊಸ ಕಾರು ಲೀಟರಿಗೆ ಎಷ್ಟು ಕೊಡುತ್ತೆ ಡಾಕ್ಟ್ರೇ?” ಟೈಲರ್ ಕೆಣಕುತ್ತಾರೆ.

“ಸೇತುವೆವರೆಗೆ ಹೋಗಿ ಬಂದ್ರೂ ಮುಳ್ಳು ಅಲ್ಲಾಡಲ್ಲ.”

“ಸುಳ್ಳು ಹೇಳೋಕೆ ಅಂಕಿ ಬೇಕಾಗಿಲ್ಲ ಅಂತಾಯ್ತು. ಶುಗರ್ರು?”

“ನಮ್ಮ ಡಾಕ್ಟ್ರು ಮುಖ ಸಿಂಡರಿಸೋವಷ್ಟಿದೆ. ಬಿಡಯ್ಯ, ಮನೇಲಿ ನೂರೆಂಟು ತಾಪತ್ರಯ...”

“ಶ್!” ಇಡೀ ಕೋಣೆ ಹಾವಿನಂತೆ ಬುಸುಗುಡುತ್ತದೆ. ಡಾಕ್ಟರು ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಾರೆ. ಸುತ್ತಕ್ಕ ತಲೆಯೆತ್ತುವುದಿಲ್ಲ, ತುಟಿಯ ಅಂಚು ಮಾತ್ರ ಸ್ವಲ್ಪ ನಗುತ್ತದೆ.

ಈ ಕಟ್ಟಳೆಗೆ ಹನ್ನೊಂದು ವರ್ಷ. ಅದಕ್ಕೆ ಕಾರಣವೆಂದು ಎಲ್ಲರೂ ತೋರಿಸುವುದು ಬ್ರೇಕ್ ತಾತನನ್ನು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು, ಪಕ್ಕದವರ ಕಾರಿನಲ್ಲಿ ಕೂತರೂ ಕಾಲು ಬ್ರೇಕು ಹುಡುಕುತ್ತದೆ. ಹನ್ನೊಂದು ವರ್ಷದ ಹಿಂದಿನ ಭಾನುವಾರ ಅವರದೇ ನೀಲಿ ಎಂಜಿನ್ನಿಗೆ ಸುತ್ತು ನಡೆಯುತ್ತಿದ್ದಾಗ ಅವರು ಮೆಟ್ಟಿಲಿನಿಂದಲೇ ಕೂಗಿಕೊಂಡು ಬಂದರು: “ಮೊಮ್ಮಗಳು ಹುಟ್ಟಿದಳು! ಮೂರೂ ಕಾಲು ಕೆಜಿ!”

ಆ ದಿನ ಎದ್ದ ಎಂಜಿನ್ನು ನೆಟ್ಟಗೆ ನಡೆಯಲಿಲ್ಲ. ಎರಡು ಹೆಜ್ಜೆ ಸಮ, ಮೂರನೆಯದು ಗಿಡ್ಡ. ಹದವಾಗಿ ಹೋಗುವ ಪದ್ಯದಲ್ಲಿ ಒಂದು ಮಾತ್ರೆ ನುಂಗಿಹೋದಂತೆ. ಸಂಘದವರು ಅದಕ್ಕೆ ಎಡವಟ್ಟು ಎಂದು ಹೆಸರಿಟ್ಟರು. ರಟ್ಟು ಗೋಡೆಗೇರಿತು. ಬಿಚ್ಚಿ ಸರಿ ಮಾಡಿಕೊಡುತ್ತೇನೆ ಎಂದು ಸುತ್ತಕ್ಕ ಕೇಳದ ಭಾನುವಾರವಿಲ್ಲ. ತಾತನ ಉತ್ತರವೂ ಬದಲಾಗಲಿಲ್ಲ: “ನಮ್ಮ ಮಗು ಹುಟ್ಟಿದ ಗಳಿಗೆ ಅದರೊಳಗೆ ಸುತ್ತಿಕೊಂಡಿದೆ ತಾಯಿ. ಬಿಚ್ಚಬೇಡ.”

“ಅವರಿಗೆ ಗಳಿಗೆ, ನನಗೆ ಮುಳ್ಳು,” ಎನ್ನುತ್ತಾರೆ ಸುತ್ತಕ್ಕ. “ನನ್ನ ಕೈಯಿಂದ ತಪ್ಪಿದ್ದು ಅದೊಂದೇ. ಅದೇ ವಾರವಾರ ನನ್ನ ಕಣ್ಣೆದುರು ಮೆರವಣಿಗೆ ಹೊರಡುತ್ತೆ.”

ಈ ಕೈ ಪಳಗಿದ್ದು ಅಪ್ಪನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ. ಫ್ಯಾನು, ಮಿಕ್ಸಿ, ನೀರೆತ್ತುವ ಪಂಪು. ಶಾಲೆಯಿಂದ ಬಂದ ಮಗಳಿಗೆ ಅಪ್ಪ ಮಗ್ಗಿ ಹೇಳಿಕೊಡುತ್ತಿದ್ದುದೇ ತಂತಿ ಸುತ್ತುತ್ತ. ಮಗಳಿಗೆ ಹತ್ತೊಂಬತ್ತಾದಾಗ ಅಪ್ಪ ಇಲ್ಲವಾದರು. ಅಂಗಡಿಗೆ ಬಂದವರು ಹುಡುಗಿಯನ್ನು ನೋಡಿ “ಮೇಸ್ತ್ರಿ ಎಲ್ಲಮ್ಮ?” ಅನ್ನುತ್ತಿದ್ದರು. “ಒಳಗಿದ್ದಾರೆ” ಎಂದು ಮೋಟಾರು ಇಸಿದುಕೊಂಡು, ಪರದೆಯ ಹಿಂದೆ ಹೋಗಿ ತಾವೇ ಸುತ್ತಿ, ಸಂಜೆ ಹೊರಗೆ ತಂದುಕೊಡುತ್ತಿದ್ದರು. ಮೂರು ವರ್ಷ ಹೀಗೇ ನಡೆಯಿತು. “ಒಂದಿನ ಒಬ್ಬರು ಮೇಸ್ತ್ರಿಗೆ ಕೈಮುಗಿದು ಹೋಗ್ತೀನಿ ಅಂತ ಪಟ್ಟು ಹಿಡಿದರು. ಪರದೆ ಸರಿಸಿದೆ. ಒಳಗೆ ಸ್ಟೂಲು ಬಿಟ್ರೆ ಯಾರಿದ್ದಾರೆ? ಸ್ಟೂಲು ನೋಡಿದ್ರು, ನನ್ನ ಕೈ ನೋಡಿದ್ರು, ನನಗೇ ಕೈಮುಗಿದು ಹೋದ್ರು. ಅವತ್ತೇ ಪರದೆ ಕಿತ್ತುಹಾಕಿದೆ.”

ಆಮೇಲೆ ಬಂದದ್ದು ಬೇರೆ ಕಷ್ಟ. ಕೆಟ್ಟ ಮಿಕ್ಸಿಯನ್ನು ರಿಪೇರಿ ಮಾಡಿಸುವವರೇ ಕಡಿಮೆಯಾದರು. ದಿನಕ್ಕೆ ಹತ್ತು ಮೋಟಾರು ಬರುತ್ತಿದ್ದ ಅಂಗಡಿಗೆ ಈಗ ಮೂರು ಬಂದರೆ ಹೆಚ್ಚು. ಅರ್ಧ ಜಾಗ ಕೊಡೆ ರಿಪೇರಿಯವರಿಗೆ ಹೋಗಿದೆ. ಗಂಡ ಶಾಲೆಯ ವ್ಯಾನು ಓಡಿಸುತ್ತಾರೆ, ಭಾನುವಾರದ ಅಡುಗೆ ಅವರದು. ಎಪ್ಪತ್ತೊಂದರ ಅಮ್ಮ ಬಾಗಿಲಲ್ಲೇ ಕಾದಿದ್ದು ಕೇಳುತ್ತಾರೆ: “ಇವತ್ತು ಎಷ್ಟು ಎದ್ದವೇ?” ಸಂಘದ ನಲವತ್ತೊಂದು ಎಂಜಿನ್ನುಗಳಲ್ಲಿ ಮೂವತ್ತೆಂಟು ಅವರ ಮಗಳ ಕೈಯಲ್ಲಿ ಎದ್ದಂಥವು.

ಕಳೆದ ಭಾನುವಾರ ಗುಡ್ಡದ ಏರಿನಲ್ಲಿ ಎಡವಟ್ಟು ಹೊಗೆಯುಗುಳಿ ನಿಂತುಬಿಟ್ಟಿತು. ಇವತ್ತು ಬಿಚ್ಚದೆ ಗತ್ಯಂತರವಿಲ್ಲ. ಎಂಟರ ಹೊತ್ತಿಗೆ ಬಂದ ಬ್ರೇಕ್ ತಾತ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಸುತ್ತಕ್ಕನ ಎದುರೇ ಕೂರುತ್ತಾರೆ.

“ಅದೇ ನಡಿಗೆ ಬೇಕು ತಾಯಿ. ಪಕ್ಕದ ಕೋಣೆಯಲ್ಲಿದ್ರೂ ಮೊಮ್ಮಗಳು ಸದ್ದಿನಲ್ಲೇ ಗುರುತು ಹಿಡೀತಾಳೆ. ಮಧ್ಯಾಹ್ನ ಬರ್ತಾಳೆ.”

“ಬೇಕಂತ್ಲೇ ತಪ್ಪು ಸುತ್ತು ಅಂದ್ರೆ ಕೈ ಕೇಳುತ್ತಾ ತಾತ? ಇಷ್ಟು ವರ್ಷ ಕಾದಿದ್ದೇ ಇದನ್ನ ನೆಟ್ಟಗೆ ಮಾಡೋಕೆ.”

“ನೆಟ್ಟಗಾದ್ರೆ ಅದು ನಮ್ಮದಾಗಿರಲ್ಲ.”

ಸುತ್ತಕ್ಕ ಎಂಜಿನ್ನಿನ ಹೊಟ್ಟೆ ತೆರೆಯುತ್ತಾರೆ. ಮೊದಲು ಹಳೆಯ ತಂತಿಯನ್ನು ಎಣಿಸುತ್ತ ಬಿಚ್ಚಬೇಕು. ಕರಕಲಾದ ಎಳೆಗೆ ಸ್ಪಿರಿಟ್ ಸವರಿ ಸವರಿ ಸಡಿಲಿಸುತ್ತಾರೆ. ಕೊನೆಗೆ ಸುತ್ತಿದ ಮೂರನೆಯ ತೋಳು ಮೊದಲು ಬಿಚ್ಚಿಕೊಳ್ಳುತ್ತದೆ. ನೂರಿಪ್ಪತ್ತು. ಅವರ ಹುಬ್ಬು ಗಂಟಿಕ್ಕುತ್ತದೆ. ಎರಡನೆಯದು, ನೂರಿಪ್ಪತ್ತು. ಮೊದಲನೆಯದಕ್ಕೆ, ಗುರುತು ಸಿಗಲೆಂದು ಅಪ್ಪ ಕಲಿಸಿದಂತೆ, ಅರದಲ್ಲಿ ಎಳೆದ ಸಣ್ಣ ಗೀರಿದೆ. ಅದನ್ನು ಬಿಚ್ಚಿ ಮುಗಿಸಿದವರು ತಂತಿಯನ್ನು ಮೇಜಿನ ಮೇಲಿಟ್ಟು ಕೈ ಕಟ್ಟಿ ಕೂರುತ್ತಾರೆ.

“ತಾತ, ಅವತ್ತು ನೀವು ಕೂಗಿಕೊಂಡು ಬಂದಾಗ ನಾನೇನಂದೆ, ನೆನಪಿದೆಯಾ?”

“ಮರೆಯೋದುಂಟಾ? ‘ಕೊನೇ ತೋಳು, ತಡೀರಿ’ ಅಂತ ಗದರಿಸಿದೆ.”

“ಕೊನೇ ತೋಳು ಸರಿಯಾಗೇ ಇದೆ. ತಪ್ಪಿರೋದು ಮೊದಲನೇದರಲ್ಲಿ. ನೀವು ಇನ್ನೂ ಬೀದಿಯಲ್ಲೂ ಇರಲಿಲ್ಲ, ಆಗಲೇ ನಾನು ಮಗ್ಗಿಯ ಒಂದು ಸಾಲು ಹಾರಿಸಿಬಿಟ್ಟಿದ್ದೆ. ಇದರಲ್ಲಿರೋದು ನೂರೆಂಟೇ ಸುತ್ತು.” ಕೋಣೆಗೆಲ್ಲ ಕೇಳುವಂತೆ ಹೇಳುತ್ತಾರೆ. “ತಪ್ಪು ನಂದು. ಇಷ್ಟು ವರ್ಷ ನಿಮ್ಮ ತಲೆ ಮೇಲೆ ಹೊರಿಸಿದ್ದೆ.”

ತಾತ ತೊಡೆಯ ಮೇಲಿನ ಟೋಪಿಯನ್ನು ಒಂದು ಸುತ್ತು ತಿರುಗಿಸುತ್ತಾರೆ. “ಹಾಗಾದ್ರೆ ನನ್ನ ಬಾಯಿ ಕಟ್ಟಿಸಿದ್ದೆಲ್ಲ ದಂಡಾನಾ?”

“ದಂಡ ಯಾಕೆ? ಊರಿಗೆ ಉಪಕಾರ ಆಯ್ತಲ್ಲ,” ಟೈಲರ್ ಸೇರಿಸುತ್ತಾರೆ. ಕೋಣೆಯೆಲ್ಲ ನಗು. ಆ ನಗುವಿನಲ್ಲೇ ಟೈಲರ್ ಎದ್ದು ಗೋಡೆಯ ರಟ್ಟು ಇಳಿಸಲು ಹೋಗುತ್ತಾರೆ. ಡಾಕ್ಟರು ತಡೆಯುತ್ತಾರೆ. “ಇರಲಿ ಬಿಡಯ್ಯ. ಅಂಕಿ ಶುರುವಾದ್ರೆ ನನ್ನ ಶುಗರ್ರಿಂದಾನೇ ಶುರುವಾಗುತ್ತೆ.”

ಸುತ್ತಕ್ಕ ಹೊಸ ತಂತಿಯ ತುದಿ ಸಿಕ್ಕಿಸುತ್ತಾರೆ. ಗೀರಿರುವ ತೋಳೇ ಮೊದಲು. “ರಟ್ಟು ಇರಲಿ. ಇವತ್ತು ತಾತ ಮಾತ್ರ ಅಂಕಿ ಆಡಲಿ. ಮೊಮ್ಮಗಳಿಗೆ ಈಗ ಎಷ್ಟು ತಾತ?”

ತಾತ ಎಲ್ಲರ ಮುಖ ನೋಡುತ್ತಾರೆ. ಗಂಟಲು ಸರಿಮಾಡಿಕೊಳ್ಳುತ್ತಾರೆ. “ಹನ್ನೊಂದು.” ಅಂಜುತ್ತಲೇ ಅಂದದ್ದು. ಸುತ್ತಕ್ಕನ ಕೈ ನಿಲ್ಲುವುದಿಲ್ಲ. ತಾತನಿಗೆ ಧೈರ್ಯ ಬರುತ್ತದೆ. “ಹನ್ನೊಂದು ತುಂಬ್ತು. ಹುಟ್ಟಿದಾಗ ಮೂರೂ ಕಾಲು ಕೆಜಿ. ಈಗ ಮೂವತ್ತೆರಡು. ಪರೀಕ್ಷೆಯಲ್ಲಿ ಲೆಕ್ಕಕ್ಕೆ ತೊಂಬತ್ತಾರು...” ಅಣೆಕಟ್ಟು ಒಡೆದ ಹಾಗೆ ಹರಿಯುತ್ತವೆ ಅಂಕಿಗಳು. ಅವುಗಳ ಅಡಿಯಲ್ಲಿ ಸಣ್ಣ ದನಿಯ ಮಗ್ಗಿ ತನ್ನ ಪಾಡಿಗೆ ನಡೆಯುತ್ತದೆ, ಒಂಬತ್ತನೆಯ ಸಾಲಿಗೆ ಬಂದು ತಾನಾಗಿಯೇ ನಿಲ್ಲುತ್ತದೆ.

“ಹನ್ನೆರಡೊಂಬತ್ಲ ನೂರೆಂಟು,” ಎಂದು ಸುತ್ತಕ್ಕ ಜೋರಾಗಿ ಹೇಳಿ ತಂತಿಯನ್ನು ಮುಂದಿನ ತೋಳಿಗೆ ದಾಟಿಸುತ್ತಾರೆ.

ಹತ್ತಕ್ಕೆ ನೀಲಿ ಎಂಜಿನ್ನು ಹಳಿಗಿಳಿಯುತ್ತದೆ. ಎರಡು ಹೆಜ್ಜೆ ಸಮ, ಮೂರನೆಯದು ಗಿಡ್ಡ. ಆರು ಬೋಗಿ ಎಳೆದುಕೊಂಡು, ಹೊಗೆಯಿಲ್ಲದೆ, ಗುಡ್ಡದ ಏರನ್ನು ಹತ್ತಿ ಆಚೆ ಇಳಿಯುತ್ತದೆ. ತಾತ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಾರೆ. ಬಲಗಾಲು ಎಂದಿನಂತೆ ಬ್ರೇಕು ಹುಡುಕುತ್ತಿಲ್ಲ.

ಸುತ್ತಕ್ಕ ಉಳಿದ ತಂತಿಯನ್ನು ಉರುಳೆಗೆ ಸುತ್ತಿ, ಕನ್ನಡಕ ಒರೆಸಿ, ಚೀಲ ಹೆಗಲಿಗೇರಿಸುತ್ತಾರೆ. ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಬಾಗಿಲಲ್ಲಿ ನಿಂತು ಯೋಚಿಸುತ್ತಾರೆ.

“ದೊಡ್ಡದೇನಿಲ್ಲ. ಅದಕ್ಕೆ ಬೇರೆ ಹೆಸರಿಡೋಕೆ ಹೇಳಿ. ಎಡವಟ್ಟು ಅನ್ನೋದು ಕೈತಪ್ಪಿ ಆಗಿದ್ದಕ್ಕೆ. ಇದನ್ನ ನಾನು ಎಣಿಸಿ ಸುತ್ತಿದೀನಿ.”