ಮಿಡಿ ಭರಣಿಯ ವೈನ್

ನನ್ನ ನಾಲಗೆ ಇನ್ನೊಬ್ಬರ ಉಪಯೋಗಕ್ಕೆ ಬಂದದ್ದು ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸಲ. ಶಾಲೆಯಲ್ಲಿ ಅದು ದಿನವಿಡೀ ಓಡುತ್ತದೆ, ನಿಜ. ಅದರಿಂದ ಯಾರಿಗಾದರೂ ಪ್ರಯೋಜನವಾಗಿದೆ ಎಂದು ಹೇಳುವ ಧೈರ್ಯ ನನಗಿಲ್ಲ.

ಆಗ ನಾವು ಗಂಡಹೆಂಡತಿ ಕುಂದಾಪುರದಲ್ಲಿ ಹೊಳೆಬದಿಯ ಓಣಿಯೊಂದರಲ್ಲಿ ಬಾಡಿಗೆಗಿದ್ದೆವು. ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷವಾಗಿತ್ತು. ಮದರಾಸಿನ ಪಾನನಿರೋಧ ಮಾತ್ರ ಬೆನ್ನು ಬಿಡದೆ ಜೊತೆಗೇ ಬಂದಿತ್ತು. ನನಗೆ ಕುಡಿಯುವ ಅಭ್ಯಾಸವಿರಲಿಲ್ಲ. ಆದರೆ ಹೆದರಲಿಕ್ಕೆ ಕುಡಿದಿರಲೇಬೇಕೆಂದೇನೂ ಇಲ್ಲವಲ್ಲ. ಪೊಲೀಸಿನವನೊಬ್ಬ ಎದುರಾದರೆ ನಾನು ಕೈಚೀಲವನ್ನು ಆಚೆ ಕೈಗೆ ಬದಲಾಯಿಸುತ್ತಿದ್ದೆ, ಒಳಗಿರುವುದು ಬರೀ ಮೂಲಂಗಿಯಾದರೂ.

ಪಕ್ಕದ ಮನೆಯಲ್ಲಿ ಒಬ್ಬರು ಕ್ರೈಸ್ತ ವಿಧವೆ ಮತ್ತು ಅವರ ಮಗಳು. ಓಣಿಗೆಲ್ಲ ಅವರು ಬಾಯಮ್ಮ. ಮಗಳಿಗೆ ಬ್ರಹ್ಮಾವರದ ಕಡೆ ಗಂಡು ಗೊತ್ತಾಗಿ, ಈಸ್ಟರ್ ಕಳೆದ ಮೇಲೆ ಮದುವೆ ಎಂದು ನಿಶ್ಚಯವಾಗಿತ್ತು. ಒಂದು ಸಂಜೆ ಅವರು ನನ್ನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿದರು.

"ಮಾಷ್ಟ್ರೇ, ಮದಿಗೆ ವೈನ್ ಮಾಡ್ಕ್. ನಮ್ಮಲ್ಲ್ ಹುಡ್ಗಿ ಅಮ್ಮನೇ ಮಾಡುದ್ ಕ್ರಮ. ನಂಗ್ ಆ ಜ್ವರ ಬಂದ್ ಹೋದ್ಮೇಲೆ ಮೂಗೂ ಇಲ್ಲೆ, ನಾಲ್ಗಿಯೂ ಇಲ್ಲೆ. ಸಕ್ರಿ ತಿಂದ್ರೂ ಹೊಯ್ಗಿ ತಿಂದಂಗೆ."

"ನಿಮ್ ನಾದ್ನಿ ಇದ್ರಲೆ?"

"ಅವ್ಳಿಗ್ ಗೊತ್ತಾರೆ ಗಂಡಿನ್ ಮನಿಯವ್ರಿಗೂ ಗೊತ್ತಾತ್. ಅಮ್ಮಂಗೇ ರುಚಿ ತಿಳಿತಿಲ್ಲೆ, ಮಗ್ಳ್ ಎಂತ ಅಡ್ಗಿ ಕಲ್ತಿತ್ ಅಂಬ್ರ್. ನೀವ್ ರುಚಿ ಕಂಡ್ ಹೇಳಿ ಸಾಕ್."

"ನಾನ್ ಕುಡುದಿಲ್ಲೆ, ಬಾಯಮ್ಮ."

"ಅದ್ಕೇ ನಿಮ್ಮನ್ ಕರ್ದದ್. ಕುಡುವರ್ ನಾಲ್ಗಿ ಎಲ್ಲದಕ್ಕೂ ಲಾಯ್ಕಿತ್ತ್ ಅಂತ್."

ಇಲ್ಲ ಎನ್ನಲು ಒಳ್ಳೆಯ ಕಾರಣ ಹುಡುಕುತ್ತ ಮನೆಗೆ ಬಂದೆ. ಕಾರಣ ಸಿಗುವ ಮೊದಲೇ ದ್ರಾಕ್ಷಿ ಬಂತು. ಘಟ್ಟದ ಮೇಲಿನ ಬಸ್ಸಿನ ಕಂಡಕ್ಟರರಿಗೆ ಹೇಳಿ ತರಿಸಿದ ಎರಡು ಬುಟ್ಟಿ ಕಪ್ಪು ದ್ರಾಕ್ಷಿ. ಕೆಟ್ಟರೆ ಮತ್ತೆ ತರಿಸಲು ದಿನ ಉಳಿದಿರಲಿಲ್ಲ.

ಬಾಯಮ್ಮ ಹೇಳಿದಂತೆ ಒಂದೊಂದೇ ಹಣ್ಣು ಬಿಡಿಸಿ, ತೊಳೆದು, ನೀರಿನ ಪಸೆ ಉಳಿಯದಂತೆ ಬಟ್ಟೆಯ ಮೇಲೆ ಹರವಿದೆವು. ಕಿವುಚಿ, ಸಕ್ಕರೆ, ಕುದಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಬ್ರೆಡ್ಡಿಗೆ ಹಾಕುವ ಈಸ್ಟ್ ಸೇರಿಸಿ ಅವರ ದೊಡ್ಡ ಜಾಡಿಗೆ ತುಂಬಿ ಬಾಯಿಗೆ ತೆಳುಬಟ್ಟೆ ಕಟ್ಟಿದೆವು. ಇಪ್ಪತ್ತೊಂದು ದಿನ, ದಿನಕ್ಕೊಮ್ಮೆ ಮರದ ಸಟ್ಟುಗದಿಂದ ತಿರುವಬೇಕು. ಮೂರನೆಯ ದಿನ ಕಿವಿಯಿಟ್ಟು ಕೇಳಿದೆ. ಒಳಗೆ ಯಾರೋ ಮೆಲ್ಲಗೆ ಪಿಸುಗುಟ್ಟುತ್ತಿದ್ದರು. ಆ ಪಿಸುಮಾತು ಠಾಣೆಯವರೆಗೆ ಕೇಳೀತೆಂದು ನನಗೆ ನಿದ್ದೆ ಬರಲಿಲ್ಲ.

ರುಚಿಯ ಪಾಠ ಬಾಯಮ್ಮನ ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿ ನಡೆಯುತ್ತಿತ್ತು. ಮೊದಲು ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಬೇಕು. ಆಮೇಲೆ ಮೂಸಬೇಕು. ಆಮೇಲೆ ಒಂದೇ ಒಂದು ಗುಟುಕು ನಾಲಗೆಯ ಮೇಲೆ ನಿಲ್ಲಿಸಿ, ಎರಡೂ ಕೆನ್ನೆಗೆ ತೋರಿಸಬೇಕು. ಸಿಹಿ ಮೊದಲು ಬಂದು ಬೇಗ ಎದ್ದು ಹೋಗಬೇಕಂತೆ. ಹುಳಿ ಕೂತು ಮಾತಾಡಬೇಕು. ಒಗರು ಕೊನೆಗೆ, ಬಾಗಿಲು ಹಾಕುವಷ್ಟೇ. ನಾನು ವಿಧೇಯನಾಗಿ ಎಲ್ಲ ಮಾಡಿ, ಕಿಟಕಿಯಿಂದ ಬಸಳೆ ಬುಡಕ್ಕೆ ಉಗುಳುತ್ತಿದ್ದೆ.

"ಎಂತ ಅಂತ್ ನಾಲ್ಗಿ?"

"ಹುಳಿ ಅನ್ಸತ್ತ್."

"ನಿನ್ನಿಯೂ ಹುಳಿ, ಮೊನ್ನಿಯೂ ಹುಳಿ. ನಿಮ್ ಹೆದ್ರಿಕಿ ಉಗ್ದ್, ಮತ್ತ್ ಒಂಚೂರ್ ತಕಣಿ."

ಅವರು ಹೇಳಿದ್ದು ಸರಿಯಾಗಿತ್ತು. ಹೆದರಿದಾಗ ನನಗೆ ಕಾಫಿಯೂ ಹುಳಿ.

ಇಪ್ಪತ್ತೊಂದನೆಯ ದಿನ ಸೋಸಿದೆವು. ಇನ್ನು ಅದು ಕತ್ತಲಲ್ಲಿ ತಿಳಿಯಾಗಿ ನಿಲ್ಲಬೇಕು. ಬಾಯಮ್ಮನ ಮನೆಗೆ ಮದುವೆಯ ಸುಣ್ಣಬಣ್ಣ ನಡೆದಿತ್ತು, ನಾದಿನಿ ಬಂದು ಉಳಿದಿದ್ದರು. ಹಾಗಾಗಿ ವೈನು ನಮ್ಮ ಉಗ್ರಾಣಕ್ಕೆ ಬಂತು. ಖಾಲಿಯಿದ್ದದ್ದು ನನ್ನ ಹೆಂಡತಿಯ ಮಾವಿನ ಮಿಡಿಯ ಭರಣಿ ಒಂದೇ. ಅವಳ ತವರು ಕೊಕ್ಕರ್ಣೆ. ಭರಣಿಯೂ ಮಿಡಿಯೂ ಅಲ್ಲಿಂದಲೇ ಬಂದವು.

"ಹ್ವಾಯ್, ಮಿಡಿ ಭರಣಿಗೆ ವೈನಾ? ಅಪ್ಪಯ್ಯಂಗೆ ಗೊತ್ತಾರೆ ನಿಮ್ಮನ್ನೇ ಉಪ್ಪಂಗೆ ಹಾಕಿ ಮುಚ್ಚುರ್," ಎಂದಳು. ಆದರೂ ಬಿಸಿನೀರು ಹೊಯ್ದು ತೊಳೆದು, ಎರಡು ದಿನ ಬಿಸಿಲಿಗಿಟ್ಟು ಕೊಟ್ಟಳು.

ತೆಳುಬಟ್ಟೆ ಮಾತ್ರ ಕಟ್ಟಿ ಎಂದು ಬಾಯಮ್ಮ ಹೇಳಿದ್ದರು. ನಾನು ಮಿಡಿ ತಿಂದು ಬೆಳೆದವನು. ಭರಣಿಗೆ ಗಾಳಿ ಹೊಕ್ಕರೆ ಹಾಳು ಎಂಬುದು ನಮ್ಮಲ್ಲಿ ಮಗುವಿಗೂ ಗೊತ್ತು. ಜೊತೆಗೆ ವಾಸನೆ ಓಣಿಗೆ ಹೋದರೆ ಗತಿ ಏನು? ಯಾರಿಗೂ ಹೇಳದೆ ಮುಚ್ಚಳ ಒತ್ತಿ, ಮೇಲೆ ದಪ್ಪ ಬಟ್ಟೆ ಬಿಗಿದು, ಸುತ್ತ ಮೇಣ ಕರಗಿಸಿ ಹೊಯ್ದೆ. ಅಂದು ನೆಮ್ಮದಿಯಾಗಿ ಮಲಗಿದೆ. ನನ್ನ ಮಟ್ಟಿಗೆ ಅದೇ ಅಪಶಕುನ.

ಎಂಟು ದಿನ ಕಳೆದು, ಒಂದು ಭಾನುವಾರ ನನ್ನ ಮಾವ ಹೊಸ ಮಿಡಿಯ ಚೀಲ ಹಿಡಿದು ಬಂದರು. ಊಟಕ್ಕೆ ಕೂತಿದ್ದೆವು. ಉಗ್ರಾಣದಲ್ಲಿ ಢಬ್ ಎಂದು ಸದ್ದು. ಮುಚ್ಚಳ ನೆಲಕ್ಕೆ ಬಿದ್ದು ಉರುಳಿದ್ದೂ ಕೇಳಿತು.

"ಎಂತ ಅದ್?" ಎಂದರು ಮಾವ.

"ಬೆಕ್ಕ್, ಅಪ್ಪಯ್ಯ," ಎಂದಳು ಹೆಂಡತಿ.

ಪರಿಮಳ ನಡುಮನೆಗೆ ನಡೆದು ಬಂತು. ಮಾವ ತುತ್ತು ಬಾಯಿಗಿಟ್ಟು, ನಿಧಾನವಾಗಿ ನುಂಗಿ, "ಬೆಕ್ಕ್ ದ್ರಾಕ್ಷಿ ತಿಂದಿತ್ತಾ?" ಎಂದು ಕೇಳಿ, ಮತ್ತಷ್ಟು ಸಾರು ಹಾಕಿಸಿಕೊಂಡರು.

ನಾನು ಕೈ ತೊಳೆಯುವುದನ್ನೂ ಮರೆತು ಬಾಯಮ್ಮನನ್ನು ಹಿತ್ತಿಲಿನಿಂದ ಕರೆತಂದೆ. ಕಾಲು ಭಾಗ ನೆಲದಲ್ಲಿತ್ತು. ಅವರು ಮೇಣದ ಚೂರೊಂದನ್ನು ಎತ್ತಿ ನೋಡಿದರು.

"ಮಾಷ್ಟ್ರೇ, ಮಿಡಿ ಸತ್ತದ್. ಇದ್ಕೆ ಜೀವ ಇತ್ತ್. ಸೆಖಿಗೆ ಒಳ್ಗೊಳ್ಗೇ ಹುದುಗ್ ಬತ್ತ್. ಉಸ್ರಾಡುಕೆ ಬಿಡ್ಕ್." ಬೈದಿದ್ದರೆ ಸಮಾಧಾನವಾಗುತ್ತಿತ್ತು. "ಈಗ ರುಚಿ ಕಂಡ್ ಹೇಳಿ. ಹುಳಿ ಹಿಡ್ದಿದ್ರೆ ನಾದ್ನಿ ಹತ್ರ ಹೋಯಿ ಬಾಯ್ ಬಿಡ್ತೆ."

ಗ್ಲಾಸಿಗೆ ಒಂಚೂರು ಬಗ್ಗಿಸಿಕೊಂಡೆ. ಬೆಳಕಿಗೆ ಹಿಡಿದೆ, ಮೂಸಿದೆ, ಗುಟುಕು ತೆಗೆದುಕೊಂಡೆ. ಹುಳಿ. ಇದು ವೈನಿನದೋ ನನ್ನದೋ? ಕಣ್ಣು ಮುಚ್ಚಿ ಇನ್ನೊಂದು ಗುಟುಕು ತೆಗೆದುಕೊಂಡು, ಉಗುಳಲು ಬಸಳೆ ದೂರವಿದ್ದುದರಿಂದ ನುಂಗಿದೆ. ಸಿಹಿ ಬಂದು ಹೋಯಿತು. ಹುಳಿ ಕೂತು ಮಾತಾಡಿತು, ಜಗಳವಾಡಲಿಲ್ಲ. ಒಗರು ಬಾಗಿಲು ಹಾಕಿತು. ಹಾಕಿದ ಬಾಗಿಲ ಸಂದಿಯಿಂದ ಇನ್ನೊಂದು ಇಣುಕಿತು: ಮಾವಿನ ಮಿಡಿಯ ಸೊನೆ.

ಹೇಳದಿದ್ದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಸತ್ಯಸಂಧನೆಂದು ನಾನು ಹೇಳಿಕೊಳ್ಳುವುದಿಲ್ಲ. ಸುಳ್ಳು ಹೇಳಿ ಮದುವೆಯವರೆಗೆ ಅದನ್ನು ಹೊತ್ತು ತಿರುಗುವಷ್ಟು ಎದೆ ನನಗಿರಲಿಲ್ಲ, ಅಷ್ಟೆ.

"ಹುಳಿ ಹಿಡಿಲಿಲ್ಲೆ ಬಾಯಮ್ಮ. ಆದ್ರೆ ಮಿಡಿ ಸೊನಿ ಪರಿಮಳ ಇತ್ತ್."

"ಜಾಸ್ತಿಯಾ?"

"ಹುಡ್ಕಿದವ್ರಿಗ್ ಸಿಕ್ಕತ್ತ್."

"ಮದಿ ಮನಿಗ್ ಹುಡ್ಕುಕೇ ಬಪ್ಪುದ್, ಮಾಷ್ಟ್ರೇ." ಅವರು ಗ್ಲಾಸನ್ನು ನನ್ನ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಬಣ್ಣ ನಂಗೂ ಕಾಂತ್. ಉಳ್ದದ್ದಕ್ಕೆ ನಿಮ್ ನಾಲ್ಗಿ. ಇದೇ ಇರ್ಲಿ."

ಮದುವೆಯ ದಿನ ಚಪ್ಪರದ ಕಂಬಕ್ಕೆ ಆತುಕೊಂಡು ನಿಂತೆ. ಎಲ್ಲರ ಕೈಗೂ ಚಿಕ್ಕ ಚಿಕ್ಕ ಗ್ಲಾಸು ಬಂತು. ಮದುಮಕ್ಕಳಿಗೆ ಶುಭ ಕೋರಿ ಕುಡಿದರು. ಗಂಡಿನ ಕಡೆಯ ಒಬ್ಬರು ಹಿರಿಯ ಹೆಂಗಸು ಮಾತ್ರ ಕುಡಿಯುವ ಮೊದಲು ಮೂಸಿದರು. ಗುಟುಕು ತೆಗೆದುಕೊಂಡು ಕಣ್ಣು ಮುಚ್ಚಿದರು. ಮತ್ತೆ ಮೂಸಿದರು. ಬಾಯಮ್ಮನ ಕಡೆ ತಿರುಗಿ ಕೊಂಕಣಿಯಲ್ಲಿ ಏನೋ ಕೇಳಿದರು. ನನಗೆ ಕೊಂಕಣಿ ಬಾರದು. ಬಾಯಮ್ಮ ಏನೋ ಹೇಳಿದರು. ಸುತ್ತ ಇದ್ದವರು ನಕ್ಕರು. ಎಂಥ ನಗು ಅದು? ಆ ಹೆಂಗಸು ನಗಲಿಲ್ಲ. ಖಾಲಿ ಗ್ಲಾಸನ್ನು ಮುಂದೆ ಚಾಚಿದರು, ಇನ್ನೊಮ್ಮೆ ತುಂಬಲಿಕ್ಕೆ.

ಮರುದಿನ ಬಾಯಮ್ಮ ತಾವೇ ಭರಣಿ ಹೊತ್ತು ತಂದರು.

"ಅವ್ರ್ ಎಂತ ಕೇಂಡದ್ ನಿನ್ನೆ?"

"ದ್ರಾಕ್ಷಿ ಯಾವೂರಿದ್, ಹೀಂಗ್ ಪರಿಮಳ ಅಂದ್ರ್. ದ್ರಾಕ್ಷಿ ಘಟ್ಟದ್, ಪರಿಮಳ ಕೊಕ್ಕರ್ಣಿದ್ ಅಂದೆ."

ಅವರು ಹೋದ ಮೇಲೆ ಭರಣಿಯ ಮುಚ್ಚಳ ತೆಗೆದೆ. ಒಳಗೆ ವೈನು ತುಂಬಿದ ಒಂದು ಬಾಟಲಿ ನಿಂತಿತ್ತು. ಕೊಟ್ಟ ಪಾತ್ರೆಯನ್ನು ಖಾಲಿ ತಿರುಗಿಸಬಾರದೆಂಬುದು ನಮ್ಮ ಓಣಿಯ ಎಲ್ಲ ಮನೆಗಳ ಕ್ರಮ, ಅದಕ್ಕೆ ಜಾತಿಯಿಲ್ಲ. ಕಾನೂನಿಗೆ ಮಾತ್ರ ಈ ಕ್ರಮ ಗೊತ್ತಿರಲಿಲ್ಲ. ಈಗ ಪಾನನಿರೋಧ ಹೋಗಿ, ಪೇಟೆಯಲ್ಲಿ ಹಾಡುಹಗಲೇ ಬಾಟಲಿ ಮಾರುತ್ತಾರೆ. ಅಂದು ಮಾತ್ರ ನಾನು ಅದನ್ನು ಎದೆಗವುಚಿಕೊಂಡು ಬಾಗಿಲು, ಕಿಟಕಿ, ಬಸಳೆ ಎಲ್ಲದರ ಕಡೆ ನೋಡುತ್ತ ನಿಂತಿದ್ದೆ.

ಹೆಂಡತಿ ಬಾಟಲಿ ಕಸಿದುಕೊಂಡು ಬಿರಡೆ ತೆಗೆದಳು. ಬೆರಳು ಒದ್ದೆ ಮಾಡಿ ನಾಲಗೆಗಿಟ್ಟಳು.

"ಹ್ವಾಯ್! ನಮ್ ಮಿಡಿ ಪರಿಮಳ ಇತ್ತಲೆ!" ಎಂದಳು. "ಚೆಲ್ಬೇಡಿ. ಅಪ್ಪಯ್ಯ ಮತ್ತ್ ಬಂದಾಗ ಬೆಕ್ಕಿನ್ ಸುದ್ದಿ ಕೇಂತ್ರ್."