ನೀರಗಂಟಿ ಈಶ್ವರಯ್ಯ ಮಾನಿಟರಿಗೆ ವೈರು ತಂದದ್ದು

ಕೊಣನೂರು ದಾಟಿ ಹೊಳೆಯ ಕಡೆಗೆ ಇಳಿದರೆ ಸಿಗುವ ಒಂದು ಊರಿನಲ್ಲಿ ಈಶ್ವರಯ್ಯ ನೀರಗಂಟಿ. ಬೋರಿನ ಮೋಟಾರು ಹಾಕುವುದು, ಕೇರಿ ಕೇರಿಗೆ ವಾಲ್ವು ತಿರುಗಿಸಿ ನೀರು ಬಿಡುವುದು, ಯಾರಾದರೂ ತಿರುಗಿ ಮಾತಾಡಿದರೆ ಅವರ ಕೇರಿಗೆ ಒಂದು ಸುತ್ತು ಕಡಿಮೆ ತಿರುಗಿಸುವುದು, ಇಷ್ಟು ಅವನ ಉದ್ಯೋಗ. ಇಡೀ ಊರಿನ ಬಾಯಾರಿಕೆ ತನ್ನ ಸ್ಪ್ಯಾನರಿನಲ್ಲಿದೆ ಎಂದುಕೊಂಡ ಮನುಷ್ಯನಿಗೆ ಗೊತ್ತಿಲ್ಲದ ಸಂಗತಿ ಲೋಕದಲ್ಲಿ ಯಾವುದು ಉಳಿದೀತು? ಎಮ್ಮೆ ಗಬ್ಬವಾಗದಿದ್ದರೂ ಅವನನ್ನು ಕೇಳಬೇಕು, ಮಿಕ್ಸಿ ತಿರುಗದಿದ್ದರೂ ಅವನನ್ನು ಕೇಳಬೇಕು. ಕೇಳದಿದ್ದರೆ ಅವನೇ ಮನೆಗೆ ಬಂದು ಹೇಳಿ, ಕಾಫಿ ಕುಡಿದು ಹೋಗುತ್ತಾನೆ.

ಅವನ ಜೊತೆ ಬಾಳಿ ತಲೆ ನರೆಸಿಕೊಂಡ ಬೀರಮ್ಮನಿಗೆ ಮಾತ್ರ ಗಂಡನ ವಿದ್ಯೆಯ ಆಳ ಗೊತ್ತಿತ್ತು. ಇಳಿದರೆ ಹಿಮ್ಮಡಿಯೂ ನೆನೆಯುವುದಿಲ್ಲ.

ಮಗ ನಂಜುಂಡೇಶ ಹಾಲಿನ ವ್ಯಾನು ಓಡಿಸುತ್ತಾನೆ. ಸೊಸೆ ಲತಾ ಹೊಳೆನರಸೀಪುರದ ಹುಡುಗಿ, ಮದುವೆಗೆ ಮುಂಚೆ ಫೋಟೋ ಸ್ಟುಡಿಯೋ ಒಂದರಲ್ಲಿ ಕೂತು ಮದುವೆ ಆಲ್ಬಮ್ಮುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವುದನ್ನು ಕಲಿತವಳು. ಅರಕಲಗೂಡಿನ ಸ್ಟುಡಿಯೋದ ಗೌತಮ್, ಶುಕ್ರವಾರ ಬಂದು ಅವಳ ಕೆಲಸ ನೋಡುತ್ತೇನೆ, ಹಿಡಿಸಿದರೆ ಈ ಸಲದ ಮದುವೆ ಆಲ್ಬಮ್ಮುಗಳೆಲ್ಲ ಅವಳಿಗೇ, ಇಲ್ಲದಿದ್ದರೆ ಬೇರೆಯವರಿಗೆ ಎಂದು ಹೇಳಿ ಕಳಿಸಿದ್ದ. ಬಸ್ಸಿನ ಚಾರ್ಜಿಗೂ ಮಾವನ ಮುಂದೆ ಕೈ ಒಡ್ಡುವ ಲತಾಗೆ ಅದು ಎಂಥ ಕೆಲಸ ಎಂಬುದನ್ನು ಬೀರಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ಸ್ವಂತ ಆಯಸ್ಸೆಲ್ಲ ಹಾಗೆ ಕೈ ಒಡ್ಡುವುದರಲ್ಲೇ ಕಳೆದಿತ್ತು.

ತೊಡಕೆಂದರೆ ಲ್ಯಾಪ್‌ಟಾಪಿನ ಪರದೆ ಒಡೆದಿತ್ತು. ಅರ್ಧ ಕಪ್ಪು. ಮದುಮಗ ಕಂಡರೆ ಮದುಮಗಳು ಕಾಣುತ್ತಿರಲಿಲ್ಲ. ಚನ್ನರಾಯಪಟ್ಟಣದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ ಲತಾಳ ಅಣ್ಣ ತನ್ನ ಹಳೇ ಮಾನಿಟರು ಕೊಟ್ಟು ಕಳಿಸಿದ. ವೈರು ಕೊಡಲಿಲ್ಲ.

“ಅತ್ತೆ, ಲ್ಯಾಪ್‌ಟಾಪಿನ ಬಾಯಿ ಚಿಕ್ಕದು, ಚಪ್ಪಟೆ. ಎಚ್‌ಡಿಎಂಐ ಅಂತಾರೆ. ಈ ಮಾನಿಟರಿಂದು ಅಗಲ ಬಾಯಿ, ಮೂರು ಸಾಲು ತೂತು. ಇದು ವಿಜಿಎ. ಎರಡಕ್ಕೂ ಮಧ್ಯೆ ಒಂದು ಕನ್ವರ್ಟರ್ ಬೇಕು. ನಾನೇ ಹಾಸ್ನಕ್ಕೆ ಓಗಿ ತರ್ತೀನಿ” ಎಂದಳು ಲತಾ.

ಜಗಲಿಯಲ್ಲಿದ್ದ ಈಶ್ವರಯ್ಯನ ಕಿವಿ ನೆಟ್ಟಗಾಯಿತು. ಸೊಸೆಯನ್ನು ನೇರ ಮಾತಾಡಿಸುವ ಪದ್ಧತಿ ಅವನದಲ್ಲ. ಅವಳಿಗೆ ಹೇಳುವುದನ್ನೆಲ್ಲ ಜಗಲಿಯ ಕಂಬಕ್ಕೆ ಹೇಳುತ್ತಾನೆ.

“ಗಂಡಸು ಮನೇಲಿ ಬದುಕಿರುವಾಗ ಒಂದು ವೈರಿಗೆ ಹೆಣ್ಣೆಂಗ್ಸು ಹಾಸ್ನಕ್ಕೆ ಓಗ್ಬೇಕಾ? ಊರಿಗೆಲ್ಲ ಪೈಪು ಎಳ್ದವ್ನು ನಾನು. ಇದೇನು ಮಹಾ!” ಎಂದ ಕಂಬಕ್ಕೆ.

ಕಂಬಕ್ಕೆ ಹೇಳಬಹುದು, ಕಂಬವನ್ನು ಕೇಳಲಾಗುವುದಿಲ್ಲವಲ್ಲ. ಆದ್ದರಿಂದ ಯಾವ ವೈರು ಎಂದು ಅವನು ಯಾರನ್ನೂ ಕೇಳಲಿಲ್ಲ. ಪಂಪಿನ ಸಾಮಾನಿನ ಅಂಗಡಿಯಲ್ಲಿ ಏನೇ ಕೇಳಿದರೂ ಅವರು ಮೊದಲು ಅನ್ನುವುದು ‘ಹಳೇದು ತಂದಿದ್ದೀಯಾ’ ಎಂದು. ಇಲ್ಲಿ ಹಳೆಯದೇ ಇಲ್ಲ. ಮಾನಿಟರು ಹೊತ್ತುಕೊಂಡು ಬಸ್ಸು ಹತ್ತಲಾಗದು. ಈಶ್ವರಯ್ಯ ಸ್ವಲ್ಪ ಹೊತ್ತು ಯೋಚಿಸಿ, ಒಳಗೆ ಹೋಗಿ, ಮಧ್ಯಾಹ್ನ ಮಿಕ್ಕಿದ್ದ ರಾಗಿಮುದ್ದೆಯಲ್ಲಿ ಒಂದು ತುಂಡು ಮುರಿದು, ಹರಳೆಣ್ಣೆ ಸವರಿ, ಮಾನಿಟರಿನ ಬೆನ್ನಿಗೆ ಒತ್ತಿ ಅಚ್ಚು ತೆಗೆದುಕೊಂಡ. ಲತಾ ಬಚ್ಚಲಿನಿಂದ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

“ಅಯ್ಯೋ ಮಾವ!” ಎಂದಳು.

“ಸುಮ್ನಿರಕ್ಕೆ ಏಳಮ್ಮಿ ಅವ್ಳಿಗೆ” ಎಂದ ಬೀರಮ್ಮನಿಗೆ, ಅಚ್ಚನ್ನು ಬಾಳೆಲೆಯಲ್ಲಿ ಸುತ್ತುತ್ತ.

ಬೆಳಿಗ್ಗೆ ಹಾಸನಕ್ಕೆ ಹೊರಟಾಗ ಬೀರಮ್ಮನೂ ಜೊತೆಗೆ ಹೋದಳು. ಅವಳಿಗೆ ಕಣ್ಣು ತೋರಿಸುವುದಿತ್ತು. ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿಯಲ್ಲಿ ಈಶ್ವರಯ್ಯ ಬಾಳೆಲೆಯ ಪೊಟ್ಟಣವನ್ನು ಗಾಜಿನ ಮೇಲಿಟ್ಟ.

“ಏನ್ ಯಜಮಾನ್ರೇ, ಯಾವ ದೇವ್ರ ಪ್ರಸಾದ?” ಎಂದ ಅಂಗಡಿಯವನು.

“ಬಾಯಿ ಕಣಪ್ಪ. ಮಾನಿಟ್ರಿಂದು.”

ಬಿಸಿಲಿಗೆ ಮುದ್ದೆ ಒಣಗಿ ಬಿರುಕು ಬಿಟ್ಟಿತ್ತು. ಆದರೂ ಆಕಾರ ಉಳಿದಿತ್ತು. ಅಂಗಡಿಯವನು ನಗು ತಡೆದುಕೊಂಡು, “ವಿಜಿಎ. ಸರಿ, ಇನ್ನೊಂದು ತುದಿಗೆ ಯಾವ್ದಿರ್ಬೇಕು?” ಎಂದು ಕೇಳಿದ.

“ಪೈಪು ಅಂದ್ಮೇಲೆ ಎರಡು ತುದೀನೂ ಒಂದೇ ಅಲ್ವೇನಪ್ಪ! ಇದೂ ಗೊತ್ತಿಲ್ದೆ ಅಂಗಡಿ ಮಡಗಿದ್ದೀಯಾ?”

“ಆ ಕಡೆದು ಚಿಕ್ಕ ಬಾಯಿ ಅಂತಿದ್ಲು ಕಣ” ಎಂದಳು ಬೀರಮ್ಮ.

“ಸುಮ್ನೆ ಕೂತ್ಕಳಮ್ಮಿ. ನಿಂಗೆ ಕಣ್ಣೇ ಕಾಣಕಿಲ್ಲ, ಬಾಯಿ ವಿಚಾರ ನಿಂಗ್ಯಾಕೆ?”

ಇದ್ದುದರಲ್ಲಿ ಎಲ್ಲಕ್ಕಿಂತ ದಪ್ಪನೆಯ ವೈರನ್ನು ಆರಿಸಿದ. ದಪ್ಪಗಿದ್ದಷ್ಟೂ ಚಿತ್ರ ಚೆನ್ನಾಗಿ ಹರಿಯುತ್ತದಂತೆ. ಬಸ್ಸಿನುದ್ದಕ್ಕೂ ಪಕ್ಕದವರಿಗೆ ಅದನ್ನೇ ಹೇಳಿದ. ಪಾಪ, ಅವರು ಕೊಣನೂರಿನವರೆಗೂ ಟಿಕೆಟ್ ತೆಗೆದುಕೊಂಡಿದ್ದರು, ನಡುವೆ ಇಳಿಯುವಂತಿರಲಿಲ್ಲ.

ಮನೆಗೆ ಬಂದು ನೋಡಿದರೆ ಮಾನಿಟರಿನ ತೂತುಗಳೊಳಗೆ ಮುದ್ದೆ ಕೂತಿತ್ತು. ಲತಾ ಸೇಫ್ಟಿ ಪಿನ್ನು ಹಿಡಿದು, ಮಗುವಿನ ಕಿವಿ ಶುಚಿ ಮಾಡುವಂತೆ, ಒಂದೊಂದನ್ನೇ ಬಿಡಿಸಿದಳು. ಆಮೇಲೆ ವೈರಿನ ಒಂದು ತುದಿ ಮಾನಿಟರಿಗೆ ಹೇಳಿ ಮಾಡಿಸಿದಂತೆ ಕೂತಿತು. ಇನ್ನೊಂದು ತುದಿ ಹಿಡಿದುಕೊಂಡು ಈಶ್ವರಯ್ಯ ಲ್ಯಾಪ್‌ಟಾಪಿಗೆ ದೇವರಿಗೆ ಸುತ್ತು ಬರುವಂತೆ ಸುತ್ತು ಬಂದ. ಎಲ್ಲಿಯೂ ಜಾಗವಿಲ್ಲ.

“ಲ್ಯಾಪ್‌ಟಾಪೇ ಸರಿ ಇಲ್ಲ” ಎಂದು ಕಂಬಕ್ಕೆ ತೀರ್ಪು ಕೊಟ್ಟ.

ಲತಾ ಅಡುಗೆಮನೆಯಲ್ಲಿ ಬೀರಮ್ಮನಿಗೆ ಮಾತ್ರ ಕೇಳುವಂತೆ, “ಶುಕ್ರವಾರ ಅತ್ತೆ…” ಎಂದಳು. ಬೀರಮ್ಮ ಗಂಡನಿಗೆ ಎರಡು ಬಾಯಿಗಳ ಕಥೆಯನ್ನು ಮತ್ತೊಮ್ಮೆ ಬಿಡಿಸಿ ಹೇಳಿದಳು. ಅವನು ಗುರುವಾರ ಒಬ್ಬನೇ ಅರಕಲಗೂಡಿಗೆ ಹೋಗಿ, ಒಂದು ಕಡೆ ಅಗಲ, ಇನ್ನೊಂದು ಕಡೆ ಚಿಕ್ಕದು ಎಂದು ಬೆರಳಿನಲ್ಲಿ ತೋರಿಸಿ, ಒಂದು ಕನ್ವರ್ಟರನ್ನೂ ಎಚ್‌ಡಿಎಂಐ ವೈರನ್ನೂ ತಂದ. ಈ ಸಲ ಎಲ್ಲವೂ ಕೂತಿತು. ಅಗಲದ್ದು ಮಾನಿಟರಿಗೆ ಹೊಕ್ಕಿತು, ಚಿಕ್ಕದು ಲ್ಯಾಪ್‌ಟಾಪಿಗೆ ಹೊಕ್ಕಿತು, ನಡುವೆ ಕೆಂಪು ದೀಪವೂ ಹತ್ತಿತು.

“ಬಂತು! ಬಂತು ನೋಡಮ್ಮಿ!” ಎಂದು ಈಶ್ವರಯ್ಯ ಮೀಸೆ ಸವರಿಕೊಂಡ.

ಬಂದದ್ದು ದೀಪ ಮಾತ್ರ. ಪರದೆಯ ಮೇಲೆ ‘ನೋ ಸಿಗ್ನಲ್’ ಎಂಬ ಚೌಕ ಆ ಮೂಲೆಯಿಂದ ಈ ಮೂಲೆಗೆ ತೇಲಾಡುತ್ತಿತ್ತು. ಈಶ್ವರಯ್ಯ ಮಾನಿಟರಿನ ತಲೆಗೆ ತಟ್ಟಿದ, ಬೆನ್ನಿಗೆ ತಟ್ಟಿದ. ಚೌಕ ತನ್ನ ಪಾಡಿಗೆ ತೇಲಿತು.

ಲತಾ ಕನ್ವರ್ಟರಿನ ಡಬ್ಬಿ ತಿರುಗಿಸಿ ನೋಡಿ ಅಳು ಮುಖ ಮಾಡಿದಳು. “ಅತ್ತೆ, ಇದು ಅಗಲ ಬಾಯಿಯ ಕಂಪ್ಯೂಟರಿಂದ ಚಿಕ್ಕ ಬಾಯಿಯ ಟಿವಿಗೆ ಕಳ್ಸೋದು. ನಮಗೆ ಬೇಕಾಗಿರೋದು ಇದ್ರ ಉಲ್ಟಾ. ನೋಡಿ, ಬಾಣದ ಗುರುತು ಹಾಕವ್ರೆ.”

“ಅಷ್ಟೇ ತಾನೆ? ತಿರುಗಿಸಿ ಹಾಕು ಅನ್ನು. ಬಾಣ ಗೀಣ ಎಲ್ಲ ಕಂಪನಿಯೋರು ಚೆಂದಕ್ಕೆ ಬರೆಯೋದು” ಎಂದ ಈಶ್ವರಯ್ಯ.

ಬೀರಮ್ಮ ಬಾಣವನ್ನೇ ನೋಡುತ್ತ ನಿಂತಳು. ಹಿಂದೊಮ್ಮೆ ಗೌರಿ ಹಬ್ಬದ ಹಿಂದಿನ ದಿನ ಮೇಲಿನ ಕೇರಿಯ ಪೈಪಿಗೆ ಈಶ್ವರಯ್ಯ ಹೊಸ ವಾಲ್ವು ಕೂರಿಸಿದ್ದ, ನೀರು ಹಿಂದಕ್ಕೆ ಹರಿಯದಂತೆ ತಡೆಯುವಂಥದು. ಅದರ ಮೈಮೇಲೂ ಬಾಣವಿತ್ತು. ಅದೂ ಚೆಂದಕ್ಕೆಂದು ತಿಳಿದು ತಿರುವುಮುರುವು ಕೂರಿಸಿದ. ಮೋಟಾರು ಗೋಳೋ ಎಂದಿತು, ಕೇರಿಗೆ ಒಂದು ತೊಟ್ಟು ಬರಲಿಲ್ಲ. ಹೊಸ ಸೀರೆ ಉಟ್ಟ ಹೆಂಗಸರು ಕೊಡ ಹಿಡಿದು ಬಂದು ಇದೇ ಜಗಲಿಯ ಮುಂದೆ ನಿಂತು ಆಡಿದ ಮಾತುಗಳಲ್ಲಿ ಒಂದನ್ನೂ ಬೀರಮ್ಮ ಮರೆತಿರಲಿಲ್ಲ. ಮಾತಾಡಿದವರ ಸೀರೆಯ ಬಣ್ಣಗಳೂ ನೆನಪಿದ್ದವು.

“ಮೇಲ್ಗೇರಿ ವಾಲ್ವಿನ ಬಾಣಾನೂ ಚೆಂದಕ್ಕೇ ಬರೆದಿದ್ರಾ?” ಎಂದು ಕೇಳಿದಳು.

ಈಶ್ವರಯ್ಯ ಕಂಬದ ಕಡೆ ನೋಡಿದ.

“ನೀರು ಬಿಡೋ ಹೊತ್ತಾಯ್ತು” ಎಂದು ಸ್ಪ್ಯಾನರು ಎತ್ತಿಕೊಂಡು ಹೊರಟುಹೋದ. ಅಂದು ತಮ್ಮ ಕೇರಿಗೇ ಒಂದು ಸುತ್ತು ಕಡಿಮೆ ತಿರುಗಿಸಿದ.

ಶುಕ್ರವಾರ ಬೆಳಿಗ್ಗೆ ಬೀರಮ್ಮ ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟಿದ್ದ ದುಡ್ಡು ಕೊಟ್ಟು ಸೊಸೆಯನ್ನು ಹಾಸನದ ಮೊದಲ ಬಸ್ಸಿಗೆ ಹತ್ತಿಸಿದಳು. “ನಿಮ್ಮಾವ ಕೇಳಿದ್ರೆ ತವರಿಗೆ ಓದ್ಲು ಅಂತೀನಿ. ಓಗವ್ವ, ಬೇಗ ಬಾ.” ಲತಾ ಮಧ್ಯಾಹ್ನದೊಳಗೆ ಸರಿಯಾದ ಕನ್ವರ್ಟರು ತಂದಳು. ಅದರ ಒಂದು ತುದಿ ಲ್ಯಾಪ್‌ಟಾಪಿಗೆ ಹೋಗುತ್ತದೆ, ಇನ್ನೊಂದು ತುದಿಯಲ್ಲಿ ತೂತಿನ ಅಗಲ ಬಾಯಿ. ಅಲ್ಲಿಂದ ಮಾನಿಟರಿಗೆ ಮಾವ ಮೊದಲು ತಂದಿದ್ದ ದಪ್ಪ ವೈರೇ ಬೇಕು. ಅದು ಮನೆಯಲ್ಲಿ ಸಿಗಲಿಲ್ಲ. ಕೆಲಸಕ್ಕೆ ಬಾರದ್ದೆಂದು ಈಶ್ವರಯ್ಯ ಅದರಲ್ಲಿ ಸೈಕಲ್ಲಿನ ಮೇಲೆ ಹುಲ್ಲಿನ ಹೊರೆ ಬಿಗಿದಿದ್ದ. ಬೀರಮ್ಮ ಹೊರೆಯನ್ನು ಬೀದಿಯಲ್ಲೇ ಕೆಡವಿ ವೈರು ಬಿಚ್ಚಿ ತಂದಳು.

ಸಿಕ್ಕಿಸಿದ್ದೇ ತಡ, ಮದುಮಗನ ಪಕ್ಕದಲ್ಲಿ ಮದುಮಗಳೂ ಬಂದು ಕೂತಳು.

ಗೌತಮ್ ಬೈಕಿನಲ್ಲಿ ಬಂದಾಗ ಈಶ್ವರಯ್ಯನೂ ಅವನ ಹಿಂದೆಯೇ ಬಂದ. ಗೌತಮ್ ಒಂದೊಂದು ಪುಟವನ್ನೂ ನೋಡಿ, ಬಣ್ಣ ನೋಡಿ, “ಚೆನ್ನಾಗಿ ಮಾಡಿದ್ದೀರ ಮೇಡಂ. ಎಲ್ಲ ನೀವೇ ಮಾಡ್ಬಿಡಿ” ಎಂದ. ಲತಾ ಅತ್ತೆಯ ಮುಖ ನೋಡಿದಳು. ಬೀರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

“ವೈರು ನಂದೇ ಸಾ” ಎಂದ ಈಶ್ವರಯ್ಯ. “ಹಾಸ್ನದಾಗೆ ನಾನೇ ಆರಿಸಿದ್ದು. ದಪ್ಪ ನೋಡಿ ಎಂಗದೆ! ಅದ್ಕೇ ಚಿತ್ರ ಅಷ್ಟು ಚೆಂದ ಹರೀತಾ ಅದೆ.”

ಸುಳ್ಳೆನ್ನುವ ಹಾಗಿಲ್ಲ, ವೈರು ಅವನದೇ. ಗೌತಮ್ ಅದನ್ನು ನಂಬಿಯೂಬಿಟ್ಟ. “ಹೌದಾ ಯಜಮಾನ್ರೇ? ನಮ್ ಸ್ಟುಡಿಯೋದಲ್ಲೂ ಒಂದು ಮಾನಿಟರ್ ಬಂದು ಬಂದು ಹೋಗ್ತದೆ. ಒಂದ್ಸಲ ಬಂದು ನೋಡ್ತೀರಾ?”

ಲತಾ ಬಾಯಿ ತೆರೆಯುವ ಮೊದಲೇ ಬೀರಮ್ಮ ಒಳಗಿನಿಂದ ಗಂಡನ ಇಸ್ತ್ರಿ ಮಾಡಿದ ಅಂಗಿ ತಂದು ಕೈಗಿಟ್ಟಳು. “ಈಗ್ಲೇ ಓಗ್ಬುಟ್ಟು ಬಾ. ಪಾಪ, ದೊಡ್ಡೋರು ಕರೀತಾವ್ರೆ.” ಈಶ್ವರಯ್ಯ ಅಂಗಿ ತೊಟ್ಟು, ಸ್ಪ್ಯಾನರು ಸೊಂಟಕ್ಕೆ ಸಿಕ್ಕಿಸಿ, ಬೈಕಿನ ಹಿಂದೆ ಮದುಮಗನಂತೆ ಕೂತು ಹೋದ.

“ಅತ್ತೆ, ಯಾಕೆ ಕಳ್ಸಿದ್ರಿ? ಅವ್ರ ಕಂಪ್ಯೂಟ್ರಿಗೆ ಏನಾರ ಆದ್ರೆ?” ಎಂದು ಲತಾ ಗಾಬರಿಯಾದಳು.

“ಆದ್ರೆ ಅಲ್ಲಾಯ್ತದೆ, ಇಲ್ಲಂತೂ ಆಗಕಿಲ್ಲ. ಅಲ್ಲಿ ಕೆಟ್ರೆ ಅವ್ರು ಮಾಡ್ಬೇಕಾದ ನಾಮಕರಣದ ಆಲ್ಬಮ್ಮುಗಳೂ ನಿನ್ ತಾವ್ಕೇ ಬತ್ತವೆ. ಕೂತ್ಕಂಡು ಕೆಲ್ಸ ನೋಡವ್ವ” ಎಂದು ಬೀರಮ್ಮ ಬಾಗಿಲ ಅಗುಳಿ ಹಾಕಿದಳು.