ಪತ್ತಾರ ಮಾಣಿಕಪ್ಪನ ‘ಟಣ್’
ಬಸವಕಲ್ಯಾಣದ ಅಕ್ಕಸಾಲಿಗ ಪತ್ತಾರ ಮಾಣಿಕಪ್ಪ ಮಗುವಿನ ಕಿವಿ ಚುಚ್ಚುವ ಮೊದಲು ಶಾಯಿಯ ಚುಕ್ಕೆಯಿಟ್ಟು ಮೂರು ಸಲ ಅಳೆಯುತ್ತಾನೆ. ಅವಸರ ಮಾಡುವ ತಾಯಂದಿರಿಗೆ “ಹೋರಿಗಿ ಮೂಗುದಾರ ಹಾಕಾಕತ್ತಿಲ್ರಿ ನಾ” ಎಂದು ಗದರುತ್ತಾನೆ. ಬಳಿಕ ಕಬ್ಬಿಣದ ಅಡಿಗಲ್ಲಿಗೆ ಟಣ್ ಎಂದು ಸುತ್ತಿಗೆ ಬಡಿಯುತ್ತಾನೆ. ಮಗು ಅತ್ತ ತಿರುಗಿ ಬೆರಗಾಗುವಷ್ಟರಲ್ಲಿ ಈ ಕಿವಿಯೊಳಗೆ ಚಿನ್ನದ ತಂತಿ ದಾಟಿರುತ್ತದೆ. ಸ್ವಂತ ಮೊಮ್ಮಗಳು ಪೂನಂ ಮಾತ್ರ ತಿರುಗಲಿಲ್ಲ. ಅವಳಿಗೆ ಕೇಳಿಸುವುದಿಲ್ಲವೆಂದು ಮೊದಲು ಗೊತ್ತಾದದ್ದು ಆ ಸುತ್ತಿಗೆಗೇ. ಎರಡು ಸಾವಿರದ ಆರರಲ್ಲಿ ಹೈದರಾಬಾದಿನ ಡಾಕ್ಟರು, ತಲೆಯ ಸ್ಕ್ಯಾನಿನಲ್ಲಿ ಮೊದಲೇ ದಾರಿ ಗುರುತಿಸಿ, ಎರಡು ನರಗಳ ನಡುವೆ ಜೋಳದ ಕಾಳು ಹಿಡಿಯದ ಸಂದಿನಲ್ಲಿ ಕೊರೆದು ಒಳಗಿವಿಗೆ ಕೇಳಿಸುವ ಯಂತ್ರದ ತಂತಿ ಇಳಿಸುತ್ತೇವೆ, ತಪ್ಪಿದರೆ ಮುಖ ಸೊಟ್ಟಗಾದೀತು ಎಂದರು. “ಅಳದು ಚುಚ್ಚಾಂವ, ನಮ್ಮ ಪೈಕಿ ಮನಷಾ” ಎಂದು ಮಾಣಿಕಪ್ಪ ಒಪ್ಪಿಬಿಟ್ಟ. ಉಪದೇಶಕ್ಕೆ ನಮ್ಮಲ್ಲಿ ಬರವೇ? ಹುಮನಾಬಾದಿನ ಬೀಗರು ಓಡಿಬಂದರು: “ಹೆಣ್ಣ ಹುಡುಗಿ ತೆಲಿಗಿ ಯಾಕ್ರಿ ತೂತು?” “ಬಂಗಾರ ಹಾಕಾಕ ಹೆಣ್ಣಿನ ಕಿವಿ ತೂತು ಮಾಡಸ್ತೀರಿ, ಮಾತ ಒಳಗ ಹೋಗಾಕ ಬ್ಯಾಡೇನ್ರಿ?” ಎಂದ ಮಾಣಿಕಪ್ಪ. ಈಗ ಅವನು ಬಡಿದರೆ ಪೂನಂ ಮೂಲೆಯಿಂದ “ಸಾಕೋ ಮುತ್ಯಾ, ಎಷ್ಟ ಗದ್ಲ!” ಎನ್ನುತ್ತಾಳೆ, ಅವನು ಹುಮನಾಬಾದಿಗೂ ಕೇಳಲೆಂದು ಇನ್ನೊಮ್ಮೆ ಬಡಿಯುತ್ತಾನೆ.